ಅ ಆ ಇ ಈ ಬಿಟ್ಟು ‘ರ’ದಿಂದ ಶುರು

ಐದಾರು ವರ್ಷದ ಮಗುವಿಗೆ ಅಕ್ಷರ ಹತ್ತುತ್ತಿಲ್ಲ ಎಂದು ಯಾರಾದರೂ ಕರೆತಂದರೆ ಮೊದಲು ನಡುವಿನ ಒಂದು ಅಕ್ಷರ, ‘ಉ’ ಅಂದುಕೊಳ್ಳಿ, ತೋರಿಸುತ್ತೇನೆ. ಮಗು ‘ಅ ಆ ಇ ಈ’ ಎಂದು ಮೊದಲಿಂದ ಹೇಳಿಕೊಂಡು ಅಲ್ಲಿಗೆ ಬಂದರೆ ಅದಕ್ಕೆ ಗೊತ್ತಿರುವುದು ರಾಗ, ಅಕ್ಷರವಲ್ಲ. ಅಂಥ ಮಗುವಿನ ಕೈಯಲ್ಲಿ ಮತ್ತೆ ವರ್ಣಮಾಲೆ ತಿದ್ದಿಸಿದರೆ ರಾಗ ಗಟ್ಟಿಯಾಗುತ್ತದೆ ಅಷ್ಟೇ.

ಹಾಗಾಗಿ ಸರ್ಕಾರಿ ಶಾಲೆಗಳ ನಲಿ-ಕಲಿ ಕ್ರಮವನ್ನೇ ಹಿಡಿಯುತ್ತೇನೆ: ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಐದೇ ಅಕ್ಷರಕ್ಕೆ ಸರ, ದರ, ಸರಸರ, ಗರಗಸ ಓದಲು ಸಿಗುತ್ತವೆ. ‘ನನಗೆ ಬರಲ್ಲ’ ಎಂದು ಕೂತ ಮಗುವಿಗೆ ಆ ಓದೇ ಧೈರ್ಯ. ಉಳಿದ ಸ್ವರಗಳನ್ನು ತಡವಾಗಿ ತರಲು ಬೆಂಗಳೂರಿನಲ್ಲಿ ಇನ್ನೊಂದು ಕಾರಣವಿದೆ. ಯುಕೆಜಿ ಮಗು ಅದೇ ಹೊತ್ತಿಗೆ ಎಬಿಸಿಡಿಯನ್ನೂ ಕಲಿಯುತ್ತಿರುತ್ತದೆ. ಇಂಗ್ಲಿಷಿನ ಮೊದಲ ಅಕ್ಷರದ ಹೆಸರು ಕಿವಿಗೆ ನಮ್ಮ ‘ಏ’, ಐದನೆಯದು ‘ಈ’, ಒಂಬತ್ತನೆಯದು ‘ಐ’. ಒಂದೇ ಸದ್ದಿಗೆ ಎರಡು ಆಕಾರ! ಮಗು ಗಲಿಬಿಲಿಯಾಗುವುದು ಸಹಜ.

ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ನಾಲ್ಕು ಇಂಚಿನ ಚೌಕ ಕತ್ತರಿಸಿ, ಎರಡು ಇಂಚು ಎತ್ತರಕ್ಕೆ ಕಪ್ಪು ಮಾರ್ಕರಿನಲ್ಲಿ ಅಕ್ಷರ ಬರೆಯುತ್ತೇನೆ. ಚಿತ್ರ ಹಾಕುವುದಿಲ್ಲ, ಹಾಕಿದರೆ ಮಗು ಚಿತ್ರ ನೋಡಿ ಉತ್ತರ ಹೇಳುತ್ತದೆ, ಅಕ್ಷರದ ಕಡೆ ಕಣ್ಣೇ ಹೋಗುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು. ಒಂದು ಸಲಕ್ಕೆ ಎರಡು ಹೊಸ ಅಕ್ಷರ, ಹಳೆಯವನ್ನು ಕಲಸಿ ಕೇಳುವುದು. ಐದನ್ನೂ ಹಿಂದುಮುಂದಾಗಿ ಕೇಳಿದಾಗ, ಎರಡು ಬೇರೆ ದಿನ, ತಡವರಿಸದೆ ಹೇಳಿದರೆ ಮಾತ್ರ ಮುಂದಿನ ಗುಂಪು.

ಪೆನ್ಸಿಲ್ ಆಮೇಲೆ. ಮೊದಲು ಗಾಢ ಬಣ್ಣದ ತಟ್ಟೆಯಲ್ಲಿ ಸಣ್ಣ ರವೆ ತೆಳ್ಳಗೆ ಹರಡಿ ಬೆರಳಲ್ಲಿ ಬರೆಸುತ್ತೇನೆ, ಬರೆಯುತ್ತಲೇ ಸದ್ದು ಹೇಳಿಸುತ್ತೇನೆ. ರಾಗಿ ಹಿಟ್ಟು ಬೆರಳಿಗೆ ಅಂಟುತ್ತದೆ, ಅಕ್ಕಿಯಲ್ಲಿ ಗೆರೆ ನಿಲ್ಲುವುದಿಲ್ಲ. ರವೆ ದಪ್ಪವಾದರೆ ತಟ್ಟೆಯ ಬಣ್ಣ ಕಾಣದೆ ಅಕ್ಷರವೂ ಕಾಣುವುದಿಲ್ಲ.

ಹೆಚ್ಚು ಎಡವುವುದು ವ–ಮ ಜೋಡಿಯಲ್ಲಿ. ಎರಡೂ ಒಂದೇ ಗುಂಪಿನಲ್ಲಿದ್ದರೂ ಒಂದೇ ದಿನ ತರಬೇಡಿ. ‘ವ’ ನಿಂತ ಮೇಲೆ, ನಡುವೆ ಬ, ನ ಮುಗಿಸಿ, ಆಮೇಲೆ ‘ಮ’ ತಂದು ಬಲಬದಿಯ ಕೊಂಡಿಯನ್ನು ಮಾತ್ರ ಕೆಂಪು ಬಣ್ಣದಲ್ಲಿ ತೋರಿಸಿ. ಪ–ಷಕ್ಕೂ ಇದೇ ಉಪಾಯ. ‘ಹೊಟ್ಟೆ ಸೀಳಿದ ಷ’ ಎಂದರೆ ಮಕ್ಕಳಿಗೆ ಬೇಗ ನೆನಪಿರುತ್ತದೆ. ಧ, ಭ, ಫ, ಥ ಎಲ್ಲ ಕೊನೆಗೆ. ಮಕ್ಕಳ ಮಾತಿನಲ್ಲಿ ಅವು ಬರುವುದೇ ಕಡಿಮೆ.

ತಪ್ಪು ಕಣ್ಣಿನದೋ ಕಿವಿಯದೋ ಎಂದು ಬೇರೆ ಮಾಡಿ ನೋಡಬೇಕು. ವ–ಮ ಅದಲುಬದಲಾದರೆ ಆಕಾರದ ತೊಡಕು. ಲ–ಳ, ನ–ಣ, ಅಕ್ಕಿ–ಹಕ್ಕಿ ಕಲೆಸಿದರೆ ಸದ್ದಿನದು. ಅದಕ್ಕೆ ಕಾರ್ಡು ಪಕ್ಕಕ್ಕಿಟ್ಟು ಕೇಳಿಸುವ ಆಟ ಆಡಿಸಬೇಕು, ಬರೆಸಿ ಫಲವಿಲ್ಲ.

ಮೂರನೇ ಗುಂಪಿನ ‘ಯ’ ಬಂದ ದಿನ ಮಗು ‘ಜಯನಗರ’ ಓದುತ್ತದೆ, ಬಸ್ಸಿನ ಬೋರ್ಡಿನಲ್ಲಿ, ಮೆಟ್ರೊ ನಿಲ್ದಾಣದಲ್ಲಿ. ‘ಡ’ವೂ ಬಂದ ಮೇಲೆ ‘ಬಸವನಗುಡಿ’ ಹಿಡಿದು ಕೊಂಬು, ಗುಡಿಸು ಶುರು ಮಾಡಬಹುದು.

ಇಷ್ಟು ಮಾಡಿಯೂ ತಿಂಗಳುಗಟ್ಟಲೆ ಮೊದಲ ಗುಂಪಿನಲ್ಲೇ ನಿಂತರೆ ಮೊದಲು ಕಣ್ಣು, ಕಿವಿ ತೋರಿಸಿ. ಕಲಿಕಾ ನ್ಯೂನತೆ ಇದೆಯೇ ಎಂದು ಸಾಮಾನ್ಯವಾಗಿ ಏಳೆಂಟು ವರ್ಷವಾದ ಮೇಲೆಯೇ ಖಚಿತವಾಗಿ ಹೇಳುವುದು. ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಅದರ ತಪಾಸಣೆ ಆಗುತ್ತದೆ. ಅಲ್ಲಿಯವರೆಗೂ ರವೆ ತಟ್ಟೆ ನಿಲ್ಲಿಸಬೇಡಿ.