‘ಯಾಕೆ ಬಿಟ್ಟು ಹೋಗುತ್ತಾರೆ?’: ಅಟ್ರಿಷನ್ ಕುರಿತ ಎಚ್‌ಆರ್ ಪ್ರಾಜೆಕ್ಟ್ ಮಾಡುವ ಬಗೆ

ಎಚ್‌ಆರ್ (ಮಾನವ ಸಂಪನ್ಮೂಲ) ಅಥವಾ ಬಿಸಿನೆಸ್ ಮ್ಯಾನೇಜ್‌ಮೆಂಟ್ ಓದುವವರು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಇಷ್ಟಪಟ್ಟು ಆರಿಸಿಕೊಳ್ಳುವ ವಿಷಯಗಳಲ್ಲಿ ಅಟ್ರಿಷನ್, ಅಂದರೆ ನೌಕರರು ಸಂಸ್ಥೆ ಬಿಟ್ಟು ಹೋಗುವುದು, ಒಂದು. ನೌಕರರು ಯಾಕೆ ಕೆಲಸ ಬಿಡುತ್ತಾರೆ ಎಂಬ ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಆದರೆ ಎಡವುವುದು ಶುರುವಿನಲ್ಲೇ. ಬಿಟ್ಟವರ ಬಗ್ಗೆ ತಿಳಿಯಲು ಹೊರಟವರು, ಇನ್ನೂ ಕೆಲಸದಲ್ಲಿ ಇರುವವರಿಗೆ ‘ನಿಮಗೆ ತೃಪ್ತಿ ಇದೆಯೇ?’ ಎಂಬ ಪ್ರಶ್ನಾವಳಿ ಹಂಚಿ ಬರುತ್ತಾರೆ. ಬಿಟ್ಟು ಹೋದವರ ಉತ್ತರ ಆ ಕಂತೆಯಲ್ಲಿ ಇರುವುದೇ ಇಲ್ಲ. ಹೀಗಾಗಿ ಪ್ರಶ್ನಾವಳಿಗಿಂತ ಮೊದಲು ಸಂಸ್ಥೆಯ ದಾಖಲೆ, ದಾಖಲೆಗಿಂತ ಮೊದಲು ಒಂದು ನಿಖರವಾದ ಪ್ರಶ್ನೆ ಎಂಬ ಕ್ರಮದಲ್ಲಿ ಹೋಗಬೇಕು.

ಒಟ್ಟು 16 ವಾರ ಸಿಕ್ಕರೆ ಮೊದಲ 2 ವಾರ ಪ್ರಶ್ನೆಗೆ, ಮುಂದಿನ 3 ವಾರ ಅನುಮತಿ, ದಾಖಲೆ ಮತ್ತು ಓದಿಗೆ, 2 ವಾರ ಪ್ರಶ್ನಾವಳಿ ಸಿದ್ಧಪಡಿಸಿ ಪರೀಕ್ಷಿಸಲು, 4 ವಾರ ಮಾಹಿತಿ ಸಂಗ್ರಹಕ್ಕೆ, 2 ವಾರ ವಿಶ್ಲೇಷಣೆಗೆ, ಕೊನೆಯ 3 ವಾರ ಬರವಣಿಗೆಗೆ ಇಟ್ಟುಕೊಳ್ಳಿ. ಇದರಲ್ಲಿ ಹಿಗ್ಗುವುದು ಅನುಮತಿಯ ಹಂತ. ಪತ್ರವನ್ನು ಮೊದಲ ವಾರವೇ ಕೊಟ್ಟುಬಿಡಿ.

ಪ್ರಶ್ನೆಯನ್ನು ಕಿರಿದು ಮಾಡಿ

‘ಉದ್ಯೋಗಿಗಳ ಅಟ್ರಿಷನ್ – ಒಂದು ಅಧ್ಯಯನ’ ಎಂಬುದು ಶೀರ್ಷಿಕೆಯಾದೀತು, ಪ್ರಶ್ನೆಯಾಗದು. ಯಾರು, ಯಾವ ಅವಧಿಯಲ್ಲಿ, ಯಾವುದರ ಜೊತೆ ಹೋಲಿಕೆ ಎಂಬ ಮೂರೂ ಪ್ರಶ್ನೆಯಲ್ಲಿ ಇರಬೇಕು. ಉದಾಹರಣೆಗೆ: ‘ಸೇರಿದ ಮೊದಲ ವರ್ಷದೊಳಗೆ ಬಿಟ್ಟವರಿಗೂ ಉಳಿದವರಿಗೂ ನೇಮಕದ ದಾರಿ, ಪಾಳಿ ಮತ್ತು ಮೇಲ್ವಿಚಾರಕರ ವಿಷಯದಲ್ಲಿ ಏನು ವ್ಯತ್ಯಾಸವಿದೆ?’ ಈ ಪ್ರಶ್ನೆಗೆ ಯಾವ ಮಾಹಿತಿ ಬೇಕು ಎಂಬುದು ಅದನ್ನು ಓದಿದ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಪ್ರಶ್ನೆ ಇನ್ನೂ ದೊಡ್ಡದಾಗಿದೆ ಎಂದೇ ಅರ್ಥ. ಉದ್ದೇಶಗಳು ಮೂರಕ್ಕೆ ನಿಲ್ಲಲಿ. ಏಳೆಂಟು ಉದ್ದೇಶ ಬರೆದವರು ಕೊನೆಯಲ್ಲಿ ಎರಡಕ್ಕೂ ಸರಿಯಾದ ಉತ್ತರ ಕೊಡಲಾಗದೆ ಒದ್ದಾಡುತ್ತಾರೆ.

ದಾಖಲೆ ಕೇಳಿ, ಲೆಕ್ಕ ಹಾಕಿ

ಎಚ್‌ಆರ್ ವಿಭಾಗದಿಂದ ಸಾಧ್ಯವಾದರೆ ಮೂರು ವರ್ಷದ ಪಟ್ಟಿ ಕೇಳಿ. ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಸೇರಿದ ದಿನಾಂಕ, ಬಿಟ್ಟ ದಿನಾಂಕ, ವಿಭಾಗ, ಹುದ್ದೆಯ ಹಂತ, ಸಂಬಳದ ಶ್ರೇಣಿ, ಪಾಳಿ, ಮೇಲ್ವಿಚಾರಕರ ಸಂಕೇತ, ನೇಮಕದ ದಾರಿ (ಜಾಹೀರಾತೋ, ಪರಿಚಯದವರ ಶಿಫಾರಸೋ, ಏಜೆನ್ಸಿಯೋ), ಬಿಟ್ಟ ಕಾರಣ – ಇಷ್ಟು ಕಾಲಂ ಇರಲಿ.

ಪಟ್ಟಿ ಕೈಗೆ ಬಂದಾಗ ಅದನ್ನು ಹಾಗೇ ನಂಬಬೇಡಿ. ಕೆಲವೆಡೆ ‘ಸೇರಿದ ದಿನಾಂಕ’ದ ಕಾಲಮ್ಮಿನಲ್ಲಿ ಕೆಲಸ ಖಾಯಂ ಆದ ದಿನಾಂಕ ಇರುತ್ತದೆ. ಹಾಗಿದ್ದರೆ ಪ್ರೊಬೇಷನ್ ಅವಧಿಯಲ್ಲೇ ಬಿಟ್ಟವರು ಲೆಕ್ಕದಿಂದ ಮಾಯ. ಮೊದಲ ಒಂದೆರಡು ವಾರದಲ್ಲಿ ಹೋದವರ ಹೆಸರು ದಾಖಲೆಗೇ ಏರಿರದೆ ಇರಬಹುದು. ಬಿಟ್ಟು ಮತ್ತೆ ಸೇರಿದವರು ಎರಡು ಸಲ ಕಾಣಿಸಿಕೊಳ್ಳುತ್ತಾರೆ. ಇನ್ನೊಂದು ಶಾಖೆಗೆ ವರ್ಗವಾದವರನ್ನೂ ಬಿಟ್ಟವರೆಂದು ಎಣಿಸಿರಬಹುದು. ನಿವೃತ್ತಿ, ಮರಣ, ವಜಾ, ಗುತ್ತಿಗೆ ಮುಗಿದದ್ದು – ಇವನ್ನು ಬೇರೆ ತೆಗೆದಿಟ್ಟು, ತಾವಾಗಿ ರಾಜೀನಾಮೆ ಕೊಟ್ಟವರನ್ನಷ್ಟೇ ಮುಖ್ಯ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ಲೆಕ್ಕ. ವರ್ಷದ ಆರಂಭದಲ್ಲಿ 200 ಜನ, ಕೊನೆಯಲ್ಲಿ 220 ಜನ, ನಡುವೆ ಬಿಟ್ಟವರು 42 ಎಂದಿಟ್ಟುಕೊಳ್ಳೋಣ. ಸರಾಸರಿ ಸಂಖ್ಯೆ 210. ಅಟ್ರಿಷನ್ ದರ 42 ಭಾಗಿಸು 210, ಗುಣಿಸು 100, ಅಂದರೆ ಶೇ 20. (ಹಂಗಾಮಿಗೆ ತಕ್ಕಂತೆ ಜನ ಏರಿಳಿಯುವ ಕಡೆ ಹನ್ನೆರಡೂ ತಿಂಗಳ ಸಂಖ್ಯೆಯ ಸರಾಸರಿ ತೆಗೆಯಬೇಕು. ಎರಡು ತುದಿಯ ಸರಾಸರಿ ಮೋಸ ಮಾಡುತ್ತದೆ.) ಬಹಳಷ್ಟು ವರದಿಗಳು ಈ ಶೇ 20ಕ್ಕೇ ನಿಂತುಬಿಡುತ್ತವೆ.

ಒಂದು ಹೆಜ್ಜೆ ಮುಂದೆ ಹೋಗಿ. ಆರಂಭದಲ್ಲಿದ್ದ ಆ 200 ಜನರಲ್ಲಿ ವರ್ಷದ ಕೊನೆಗೆ ಎಷ್ಟು ಮಂದಿ ಉಳಿದಿದ್ದಾರೆ? 180 ಎಂದು ದಾಖಲೆ ಹೇಳಿದರೆ, ಹಳಬರಲ್ಲಿ ಬಿಟ್ಟವರು 20, ಅಂದರೆ ಶೇ 10. ಉಳಿದ 22 ಮಂದಿ ಅದೇ ವರ್ಷ ಸೇರಿ ಅದೇ ವರ್ಷ ಹೋದವರು. ಆ ವರ್ಷ ಹೊಸದಾಗಿ ಸೇರಿದವರು 62 (220ರಿಂದ 200 ಕಳೆದು 42 ಕೂಡಿಸಿ). 62ರಲ್ಲಿ 22 ಎಂದರೆ ಶೇ 35ಕ್ಕೂ ಹೆಚ್ಚು. ಅವರಲ್ಲಿ ಯಾರಿಗೂ ಪೂರ್ತಿ ವರ್ಷದ ಸೇವೆ ಆಗಿರಲಿಲ್ಲ ಎಂಬುದನ್ನು ಗಮನಿಸಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಇಡೀ ಸಂಸ್ಥೆಯ ಸಂಬಳ ನೀತಿಯತ್ತ ನೋಡುತ್ತಿದ್ದ ಕಣ್ಣು ಈಗ ನೇಮಕದ ವಿಧಾನ ಮತ್ತು ಮೊದಲ ಕೆಲವು ತಿಂಗಳುಗಳತ್ತ ತಿರುಗಬೇಕು. ಪ್ರಶ್ನಾವಳಿಯ ಒಂದು ಸಾಲನ್ನೂ ಬರೆಯುವ ಮೊದಲೇ ಪ್ರಾಜೆಕ್ಟಿನ ಅರ್ಧ ದಾರಿ ಸವೆದಂತಾಯಿತು. ಇದೇ ರೀತಿ ವಿಭಾಗವಾರು, ಮೇಲ್ವಿಚಾರಕರವಾರು, ಸೇವಾವಧಿವಾರು (0–3 ತಿಂಗಳು, 4–6, 7–12, ಒಂದು ವರ್ಷ ದಾಟಿದವರು) ಒಡೆದು ನೋಡಿ.

ಸಿದ್ಧಾಂತ ಎಷ್ಟು ಬೇಕು?

ಪ್ರೇರಣೆಯ ಸಿದ್ಧಾಂತ ಕೊಟ್ಟ ಹರ್ಜ್‌ಬರ್ಗ್, ಮ್ಯಾಸ್ಲೊ ಇಬ್ಬರ ಬಗ್ಗೆಯೂ ಹತ್ತು ಪುಟ ಬರೆದು, ಮುಂದೆ ಪ್ರಶ್ನಾವಳಿಯಲ್ಲಿ ಅವರ ಸುಳಿವೇ ಇಲ್ಲದಿರುವುದು ಪ್ರಾಜೆಕ್ಟ್ ವರದಿಗಳ ಹಳೆಯ ರೋಗ. ಒಂದು ಚೌಕಟ್ಟು ಆರಿಸಿ, ಅದನ್ನು ಕೊನೆಯವರೆಗೂ ದುಡಿಸಿಕೊಳ್ಳಿ. 1958ರಲ್ಲಿ ವಿದ್ವಾಂಸರಾದ ಮಾರ್ಚ್ ಮತ್ತು ಸೈಮನ್ ಎರಡು ಸಂಗತಿಗಳನ್ನು ಬೇರ್ಪಡಿಸಿದರು: ಬಿಡಬೇಕೆಂಬ ಮನಸ್ಸು ಒಂದು, ಬಿಡುವುದು ಎಷ್ಟು ಸುಲಭ ಎಂಬುದು ಇನ್ನೊಂದು. ಅತೃಪ್ತಿಯಿದ್ದೂ ಬೇರೆ ಕೆಲಸ ಸಿಗದೆ ಉಳಿದವರನ್ನು ಇದು ವಿವರಿಸುತ್ತದೆ. 1977ರಲ್ಲಿ ಮೊಬ್ಲಿ ಅತೃಪ್ತಿಯಿಂದ ರಾಜೀನಾಮೆಯವರೆಗಿನ ಮೆಟ್ಟಿಲುಗಳನ್ನು ಗುರುತಿಸಿದರು: ಬಿಡುವ ಯೋಚನೆ, ಹುಡುಕಾಟ, ಹೋಲಿಕೆ, ನಿರ್ಧಾರ. 2001ರಲ್ಲಿ ಮಿಚೆಲ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿ, ಜನ ಯಾಕೆ ಉಳಿಯುತ್ತಾರೆ ಎಂದು ಕೇಳಿದರು. ನಂಟು, ಹೊಂದಾಣಿಕೆ, ಬಿಟ್ಟರೆ ಕಳೆದುಕೊಳ್ಳುವುದು ಎಂಬ ಮೂರು ಎಳೆ ಕೊಟ್ಟರು. ಹೊಸಬರ ಅಧ್ಯಯನಕ್ಕೆ ಮಿಚೆಲ್ ಅವರ ಈ ಚೌಕಟ್ಟು ಚೆನ್ನಾಗಿ ಒಗ್ಗುತ್ತದೆ. ಹೊಸಬರಿಗೆ ನಂಟು ಇನ್ನೂ ಬೆಳೆದಿರುವುದಿಲ್ಲ, ಬಿಟ್ಟರೆ ಕಳೆದುಕೊಳ್ಳುವುದೂ ಕಡಿಮೆ.

ಪ್ರಶ್ನಾವಳಿ

ಒಟ್ಟು 25ರಿಂದ 30 ಹೇಳಿಕೆ, 8–10 ನಿಮಿಷದಲ್ಲಿ ಮುಗಿಯಬೇಕು. ಅದಕ್ಕಿಂತ ಉದ್ದವಾದರೆ ಕೊನೆಯ ಪುಟದ ಉತ್ತರಗಳು ನಂಬಿಕೆಗೆ ಅರ್ಹವಲ್ಲ. ಲೈಕರ್ಟ್ 1932ರಲ್ಲಿ ರೂಢಿಗೆ ತಂದ ಅಳತೆಯ ಐದು ಹಂತಗಳು (1 ‘ಖಂಡಿತ ಒಪ್ಪುವುದಿಲ್ಲ’, 5 ‘ಖಂಡಿತ ಒಪ್ಪುತ್ತೇನೆ’) ಸಾಕು. ಒಂದೊಂದು ವಿಷಯಕ್ಕೂ ಕನಿಷ್ಠ 3–4 ಹೇಳಿಕೆ ಇರಲಿ. ‘ಮೇಲ್ವಿಚಾರಕರ ಬೆಂಬಲ’ವನ್ನು ಒಂದೇ ವಾಕ್ಯದಿಂದ ಅಳೆಯಲಾಗದು.

ಹೇಳಿಕೆಗಳು ಕೆಡುವ ಬಗೆ ಹೆಚ್ಚೂಕಡಿಮೆ ಎಲ್ಲ ಕಡೆಯೂ ಒಂದೇ. ‘ಸಂಬಳ ಮತ್ತು ಸೌಲಭ್ಯಗಳು ನನಗೆ ತೃಪ್ತಿ ತಂದಿವೆ’ ಎಂದರೆ ಸಂಬಳ ಸರಿ, ಸೌಲಭ್ಯ ಸಾಲದು ಎನ್ನುವವರು ಏನು ಗುರುತು ಹಾಕಬೇಕು? ಎರಡನ್ನೂ ಒಡೆಯಿರಿ. ‘ನಮ್ಮ ಸಂಸ್ಥೆಯ ಅತ್ಯುತ್ತಮ ತರಬೇತಿಯಿಂದ ನನಗೆ ಪ್ರಯೋಜನವಾಗಿದೆ’ ಎನ್ನುವುದು ಉತ್ತರವನ್ನು ಬಾಯಿಗೆ ತುರುಕಿದಂತೆ. ‘ಪದೇ ಪದೇ’, ‘ಸಾಮಾನ್ಯವಾಗಿ’ ಎಂಬ ಪದಗಳ ಬದಲು ‘ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಲ’ ಎಂದು ಕೇಳಿ. ವಯಸ್ಸಿನ ಗುಂಪನ್ನು 20–30, 30–40 ಎಂದು ಕೊಟ್ಟರೆ ಮೂವತ್ತರವರು ಎರಡು ಕಡೆಯೂ ಸೇರುತ್ತಾರೆ. 20–29, 30–39 ಎಂದಿರಲಿ.

ನಾಲ್ಕೈದು ಹೇಳಿಕೆಗಳನ್ನು ಉಲ್ಟಾ ಅರ್ಥದಲ್ಲಿ ಬರೆಯಿರಿ: ‘ಸಮಸ್ಯೆ ಹೇಳಿಕೊಂಡರೆ ಮೇಲ್ವಿಚಾರಕರು ಕಿವಿಗೊಡುವುದಿಲ್ಲ.’ ಓದದೆ ಎಲ್ಲದಕ್ಕೂ 4 ಗುರುತು ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ವಿಶ್ಲೇಷಣೆಗೆ ಮುನ್ನ ಇವುಗಳ ಅಂಕವನ್ನು 6ರಿಂದ ಕಳೆದು ತಿರುಗಿಸಬೇಕು: 2 ಇದ್ದದ್ದು 4 ಆಗುತ್ತದೆ. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗು.

ಅನಾಮಧೇಯತೆ ಎಂದರೆ ಹೆಸರು ಕೇಳದಿರುವುದಷ್ಟೇ ಎಂದುಕೊಳ್ಳಬೇಡಿ. ವಿಭಾಗ, ವಯಸ್ಸು, ಲಿಂಗ, ಸೇವಾವಧಿ ನಾಲ್ಕನ್ನೂ ಕೇಳಿದರೆ ಸಣ್ಣ ವಿಭಾಗದಲ್ಲಿ ಉತ್ತರ ಯಾರದೆಂದು ಮೇಲ್ವಿಚಾರಕರು ಸಲೀಸಾಗಿ ಹೇಳಿಬಿಡುತ್ತಾರೆ. ನಿಜಕ್ಕೂ ಬೇಕಾದಷ್ಟನ್ನೇ ಕೇಳಿ, ಅದನ್ನೂ ಕೊನೆಯಲ್ಲಿ ಕೇಳಿ, ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸಬೇಡಿ. ಗೂಗಲ್ ಫಾರ್ಮ್ ಬಳಸುವುದಾದರೆ ಇಮೇಲ್ ಸಂಗ್ರಹದ ಆಯ್ಕೆ ಆಫ್ ಆಗಿದೆಯೇ ನೋಡಿ. ಲಿಂಕನ್ನು ಮೇಲ್ವಿಚಾರಕರ ಮೂಲಕ ಕಳುಹಿಸಿದರೆ ಎಲ್ಲ ಉತ್ತರವೂ ‘ಚೆನ್ನಾಗಿದೆ’ ಎಂದೇ ಬಂದೀತು.

ಮುಖ್ಯ ಸಮೀಕ್ಷೆಯಲ್ಲಿ ಸೇರದ 20–30 ಜನರಿಂದ ಮೊದಲು ಪ್ರಾಯೋಗಿಕವಾಗಿ ತುಂಬಿಸಿ, ಎಲ್ಲಿ ತಡವರಿಸಿದರು ಎಂದು ಕೇಳಿ ತಿಳಿಯಿರಿ. ಒಂದು ವಿಷಯದ ಹೇಳಿಕೆಗಳು ಒಂದೇ ದಿಕ್ಕಿನಲ್ಲಿವೆಯೇ ಎಂದು ಕ್ರಾನ್‌ಬಾಕ್ ಆಲ್ಫಾ ಹೇಳುತ್ತದೆ. ರೂಢಿಯ ಗಡಿ 0.7. ಆಲ್ಫಾ ಋಣಾತ್ಮಕವಾಗಿ ಬಂದರೆ ಉಲ್ಟಾ ಹೇಳಿಕೆಗಳನ್ನು ತಿರುಗಿಸಿಲ್ಲ ಎಂದು ಮೊದಲು ಅನುಮಾನಿಸಿ. 0.95 ದಾಟಿದರೆ ಹಿಗ್ಗಬೇಡಿ. ಒಂದೇ ಮಾತನ್ನು ನಾಲ್ಕು ರೀತಿ ಕೇಳಿರುವ ಸಾಧ್ಯತೆ ಹೆಚ್ಚು. ಪ್ರಾಯೋಗಿಕ ಗುಂಪು ಚಿಕ್ಕದಾದ್ದರಿಂದ ಮುಖ್ಯ ಮಾಹಿತಿಯ ಮೇಲೂ ಆಲ್ಫಾ ಮತ್ತೊಮ್ಮೆ ತೆಗೆಯಬೇಕು.

ಎಷ್ಟು ಜನರನ್ನು ಕೇಳಬೇಕು?

ಶೇ 95 ವಿಶ್ವಾಸ ಮಟ್ಟ, ಶೇ 5 ತಪ್ಪಿನ ಅಂತರಕ್ಕೆ (ಅಂದರೆ ನೂರರಲ್ಲಿ 95 ಸಲ ಮಾದರಿಯ ಉತ್ತರ ಇಡೀ ಸಮೂಹದ ಉತ್ತರಕ್ಕಿಂತ ಶೇ 5ಕ್ಕೂ ಹೆಚ್ಚು ಆಚೀಚೆ ಆಗದಿರಲು) ಬಹುದೊಡ್ಡ ಸಮೂಹದಲ್ಲಿ ಬೇಕಾದ ಮಾದರಿ ಸುಮಾರು 384. ಸಮೂಹ ಚಿಕ್ಕದಾದರೆ 384ನ್ನು (1 + 384/ಒಟ್ಟು ಜನ) ಇದರಿಂದ ಭಾಗಿಸಿ. 220 ಜನರಿಗೆ 140 ಬರುತ್ತದೆ. ಶೇ 60 ಮಂದಿ ಉತ್ತರ ಕೊಟ್ಟಾರೆಂದು ಅಂದಾಜಿಸಿದರೆ 140 ಉತ್ತರಕ್ಕೆ 234 ಜನರಿಗೆ ಕಳುಹಿಸಬೇಕು, ಇರುವವರೇ 220! ಅಂದರೆ ಇಷ್ಟು ಗಾತ್ರದ ಸಂಸ್ಥೆಯಲ್ಲಿ ಮಾದರಿ ಆರಿಸುವ ಗೋಜು ಬಿಟ್ಟು ಎಲ್ಲರನ್ನೂ ಕೇಳುವುದೇ ಸರಿ. ಪರಿಚಯದವರಿಗಷ್ಟೇ ಹಂಚಿ, ವರದಿಯಲ್ಲಿ ‘ಯಾದೃಚ್ಛಿಕ ಮಾದರಿ’ ಎಂದು ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆ ಅದರ ಮೇಲೆಯೇ. ಸಿಕ್ಕವರನ್ನು ಕೇಳಿದ್ದರೆ ಹಾಗೆಂದೇ ಬರೆಯಿರಿ.

ಬಿಟ್ಟವರ ಜೊತೆ ಮಾತು

ರಾಜೀನಾಮೆ ವೇಳೆಯ ಎಕ್ಸಿಟ್ ಇಂಟರ್‌ವ್ಯೂ ಕಡತದಲ್ಲಿ ‘ವೈಯಕ್ತಿಕ ಕಾರಣ’, ‘ಉತ್ತಮ ಅವಕಾಶ’ ಎಂಬೆರಡೇ ಕಾರಣ ತುಂಬಿಕೊಂಡಿರುವುದು ಹೊಸದೇನಲ್ಲ. ಹೋಗುವವರಿಗೆ ಅನುಭವ ಪತ್ರ ಬೇಕು, ಬಾಕಿ ಹಣ ಬರಬೇಕು; ಜಗಳ ಯಾರಿಗೆ ಬೇಕು? ಬಿಟ್ಟು ಮೂರರಿಂದ ಆರು ತಿಂಗಳಾದವರನ್ನು ಸಂಸ್ಥೆಯ ಹೊರಗೆ ಮಾತನಾಡಿಸಿ. ಅವರ ನಂಬರನ್ನು ಸಂಸ್ಥೆಯಿಂದ ನೇರ ಪಡೆಯಬೇಡಿ. ನಿಮ್ಮ ಕೋರಿಕೆಯನ್ನು ಎಚ್‌ಆರ್ ತಲುಪಿಸಲಿ, ಒಪ್ಪಿದವರು ತಾವೇ ಸಂಪರ್ಕಿಸಲಿ. 8ರಿಂದ 12 ಮಂದಿ, ತಲಾ 30–40 ನಿಮಿಷ ಸಾಕು.

‘ಯಾಕೆ ಬಿಟ್ಟಿರಿ?’ ಎಂದು ಕೇಳಿದರೆ ಸಿದ್ಧ ಉತ್ತರವೇ ಬರುವುದು. ಅದರ ಬದಲು ‘ಬಿಡಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ? ಆ ವಾರ ಏನಾಗಿತ್ತು?’, ‘ಸೇರುವಾಗ ಹೇಳಿದ ಕೆಲಸಕ್ಕೂ ಕೊಟ್ಟ ಕೆಲಸಕ್ಕೂ ಎಷ್ಟು ಅಂತರ ಇತ್ತು?’ ಎಂದು ಕೇಳಿ. ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ.

ವಿಶ್ಲೇಷಣೆ

ಎಲ್ಲ ಪ್ರಶ್ನೆಗೂ ಒಂದು ಪೈ ಚಾರ್ಟ್, ಅದರ ಕೆಳಗೆ ಚಾರ್ಟಿನಲ್ಲಿ ಇರುವುದನ್ನೇ ಮತ್ತೆ ಹೇಳುವ ಎರಡು ಸಾಲು – ಇದು ವಿಶ್ಲೇಷಣೆ ಅಲ್ಲ. ನಿಮ್ಮ ಮೂರು ಉದ್ದೇಶಕ್ಕೆ ತಲಾ ಒಂದೆರಡು ಕೋಷ್ಟಕ ಸಾಕು, ಉಳಿದದ್ದು ಅನುಬಂಧಕ್ಕೆ ಹೋಗಲಿ.

ಎರಡು ಗುಂಪುಗಳ ಸರಾಸರಿ ಹೋಲಿಸಲು ಟಿ-ಪರೀಕ್ಷೆ, ಎಣಿಕೆಗಳನ್ನು ಹೋಲಿಸಲು ಕೈ-ವರ್ಗ ಪರೀಕ್ಷೆ. ಎರಡನೆಯದಕ್ಕೆ ಒಂದು ಷರತ್ತಿದೆ: ಕೋಷ್ಟಕದ ಕನಿಷ್ಠ ಶೇ 80ರಷ್ಟು ಮನೆಗಳಲ್ಲಿ ನಿರೀಕ್ಷಿತ ಎಣಿಕೆ (ಗುಂಪುಗಳ ನಡುವೆ ವ್ಯತ್ಯಾಸ ಇಲ್ಲದಿದ್ದರೆ ಬರಬೇಕಾದ ಸಂಖ್ಯೆ) 5 ಅಥವಾ ಹೆಚ್ಚು ಇರಬೇಕು; ಇಲ್ಲದಿದ್ದರೆ ಗುಂಪುಗಳನ್ನು ಕೂಡಿಸಿ. ಮೇಲಿನ ಉದಾಹರಣೆಯಲ್ಲಿ ಹೊಸಬರು 62ರಲ್ಲಿ 22, ಹಳಬರು 200ರಲ್ಲಿ 20. ಕೈ-ವರ್ಗ ಸುಮಾರು 22.8 ಬರುತ್ತದೆ, ಪಿ ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದೆಯೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.001ಕ್ಕಿಂತ ಕಡಿಮೆ. ಆದರೆ ಪಿ ಮೌಲ್ಯವೊಂದನ್ನೇ ಬರೆದು ಸುಮ್ಮನಾಗಬೇಡಿ. ಶೇ 10 ಎಲ್ಲಿ, ಶೇ 35 ಎಲ್ಲಿ ಎಂಬ ಅಂತರವೇ ಓದುವವರಿಗೆ ಬೇಕಾದದ್ದು.

ಇನ್ನೊಂದು ಎಚ್ಚರ. ಅತೃಪ್ತಿ ಮತ್ತು ಬಿಡುವ ಇಚ್ಛೆ ಎರಡನ್ನೂ ಒಂದೇ ದಿನ, ಒಂದೇ ಹಾಳೆಯಲ್ಲಿ, ಒಬ್ಬರಿಂದಲೇ ಕೇಳಿದಾಗ ಅವುಗಳ ನಂಟು ಇರುವುದಕ್ಕಿಂತ ಬಲವಾಗಿ ಕಾಣಬಹುದು. ಅಂದಿನ ಬೇಸರ ಎರಡಕ್ಕೂ ಅಂಟಿಕೊಂಡಿರುತ್ತದೆ. ಬಿಡುವ ಇಚ್ಛೆ ಇರುವವರೆಲ್ಲ ಬಿಡುವುದೂ ಇಲ್ಲ. ಹಾಗಾಗಿ ‘ಅತೃಪ್ತಿಯಿಂದ ಅಟ್ರಿಷನ್ ಆಗುತ್ತಿದೆ’ ಎಂದು ಬರೆಯುವ ಬದಲು ‘ಅತೃಪ್ತಿ ಹೆಚ್ಚಿರುವವರಲ್ಲಿ ಬಿಡುವ ಇಚ್ಛೆಯೂ ಹೆಚ್ಚಿದೆ’ ಎಂದಷ್ಟೇ ಬರೆಯಿರಿ. ದಾಖಲೆ, ಪ್ರಶ್ನಾವಳಿ, ಸಂದರ್ಶನ ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ಮಾತಿಗೆ ತೂಕ ಬರುತ್ತದೆ. ಮಾಡದಿದ್ದರೆ ಆ ಭಿನ್ನತೆಯನ್ನು ಮುಚ್ಚಿಡಬೇಡಿ. ವರದಿಯ ಅತಿ ಸ್ವಾರಸ್ಯಕರ ಪುಟ ಅದೇ ಆಗಬಹುದು.

ಸಲಹೆಗೆ ಲೆಕ್ಕ ಜೋಡಿಸಿ

‘ಸಂಬಳ ಹೆಚ್ಚಿಸಬೇಕು, ಪ್ರೇರಣೆ ನೀಡಬೇಕು’ ಎಂಬ ಸಲಹೆಗೆ ಅಧ್ಯಯನ ಬೇಕಿರಲಿಲ್ಲ. ಒಬ್ಬರು ಬಿಟ್ಟರೆ ಸಂಸ್ಥೆಗೆ ತಗಲುವ ವೆಚ್ಚವನ್ನು ತಿಂಗಳ ಸಂಬಳದ ಅಳತೆಯಲ್ಲಿ ಕಟ್ಟಿ. ನೇಮಕಕ್ಕೆ ಅರ್ಧ ತಿಂಗಳ ಸಂಬಳ, ತರಬೇತಿಗೆ ಒಂದು, ಕಲಿಯುವವರೆಗಿನ ಕಡಿಮೆ ಉತ್ಪಾದನೆಗೆ ಒಂದು ಎಂದು ಸಂಸ್ಥೆಯ ಅಂಕಿಗಳಿಂದ ಸಿಕ್ಕರೆ ಒಟ್ಟು ಎರಡೂವರೆ. ಬಿಡುವ ಹೊಸಬರ ಸಂಖ್ಯೆ 22ರಿಂದ 15ಕ್ಕೆ ಇಳಿದರೆ ಉಳಿತಾಯ 7 ಗುಣಿಸು 2.5, ಅಂದರೆ 17.5 ತಿಂಗಳ ಸಂಬಳ. ಪ್ರತಿ ಹೊಸಬರಿಗೂ ಮೊದಲ ಮೂರು ತಿಂಗಳು ಒಬ್ಬ ಹಿರಿಯರನ್ನು ಜೊತೆಗೆ ಹಾಕಿ, ಆ ಹಿರಿಯರಿಗೆ ತಿಂಗಳ ಸಂಬಳದ ಶೇ 5ರಷ್ಟು ಭತ್ಯೆ ಕೊಟ್ಟರೆ 62 ಗುಣಿಸು 3 ಗುಣಿಸು 0.05, ಅಂದರೆ 9.3 ತಿಂಗಳ ಸಂಬಳದ ಖರ್ಚು. (ಇಬ್ಬರ ಸಂಬಳವೂ ಒಂದೇ ಎಂದು ಇಲ್ಲಿ ಹಿಡಿದಿದೆ. ಹಿರಿಯರದು ಹೆಚ್ಚಿದ್ದರೆ ಖರ್ಚೂ ಏರುತ್ತದೆ.) ಬಿಡುವವರು ನಾಲ್ವರಾದರೂ ಕಡಿಮೆಯಾದರೆ ಹಾಕಿದ ಖರ್ಚು ವಾಪಸ್ ಬರುತ್ತದೆ, ಮೂವರೇ ಕಡಿಮೆಯಾದರೆ ನಷ್ಟ. ಈ ಗಡಿಯನ್ನೂ ವರದಿಯಲ್ಲಿ ಬರೆಯಿರಿ. ವೈವಾದಲ್ಲಿ ‘ನಿಮ್ಮ ಊಹೆ ತಪ್ಪಿದರೆ?’ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ.