36 ಹೆಸರಿನ ಕೌದಿ

ಊರಿಗೆ ಮರಳುವ ಗೆಳತಿಗೆ ಎಲ್ಲರ ಹೆಸರು ಬರೆದ ಕೌದಿ ಮಾಡುತ್ತೇನೆ, ಅಂಚಿನಿಂದ ಶುರುಮಾಡಿ ಒಳಕ್ಕೆ ಹೊಲಿಯುತ್ತಾ ಬರುತ್ತೇನೆ ಅಂದಾಗ, ನಮ್ಮ ನ್ಯೂಜೆರ್ಸಿಯ ಕ್ವಿಲ್ಟ್ (ಇಲ್ಲಿಯವರ ಕೌದಿ) ಗುಂಪಿನ ಹಿರಿಯಾಕೆ ಒಬ್ಬರು ಕನ್ನಡಕ ಕೆಳಗಿಳಿಸಿ ನನ್ನ ಮುಖ ನೋಡಿದ್ದರು. ನಡುವೆ ಗುಳ್ಳೆ ಏಳುವುದು ಖಂಡಿತ ಅಂದರು. ಇತ್ತ ಕನ್ನಡದ ಗೆಳತಿಯರದು ಬೇರೆಯೇ ರಾಗ: "ಉಟ್ಟು ಬಿಟ್ಟ ಸೀರೆ ತುಂಡು ಸೇರಿಸಿ ಯಾರಾದರೂ ಉಡುಗೊರೆ ಕೊಡ್ತಾರೇನ್ರೀ?" ಆ ಕೌದಿ ಈಗ ಮೈಸೂರಿನಲ್ಲಿದೆ. ನಾಲ್ಕೈದು ಸಲ ಮಷೀನಿಗೆ ಬಿದ್ದಿದೆ. ಒಂದು ಹೆಸರೂ ಮಾಸಿಲ್ಲ, ನಡುವೆ ಗುಳ್ಳೆಯೂ ಇಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

19 ವರ್ಷ ನಮ್ಮೊಡನೆ ಇದ್ದ ಗೆಳತಿ ಊರಿಗೆ ಮರಳುವವಳಿದ್ದಳು. ಹೊರಟವರಿಗೆ ಹೆಸರು ಬರೆದ ಕ್ವಿಲ್ಟ್ ಕೊಡುವುದು ನಾವಿರುವ ಈ ಸೀಮೆಯದೇ ಹಳೆಯ ರೂಢಿ. 1840ರ ಸುಮಾರಿಗೆ ಡೆಲವೇರ್ ನದಿಯ ಆಚೀಚೆ, ನ್ಯೂಜೆರ್ಸಿ ಪೆನ್ಸಿಲ್ವೇನಿಯಾಗಳಲ್ಲಿ, ಅದರಲ್ಲೂ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನಗಳಲ್ಲಿ ಈ ಹುಚ್ಚು ಜೋರಾಗಿತ್ತು. ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದವಳು ಮತ್ತೆ ತವರು ಕಾಣುವ ಭರವಸೆ ಕಡಿಮೆ. ಅಕ್ಕತಂಗಿಯರ, ನೆರೆಯವರ ಹೆಸರು ಹೊದ್ದುಕೊಂಡೇ ಹೋಗುತ್ತಿದ್ದಳು. ನಮ್ಮಾಕೆಗೆ ವಾಟ್ಸಾಪ್ ಇದೆ, ಆ ಮಾತು ಬೇರೆ.

ಮೊದಲ ಸಲ ಇಲ್ಲಿಯವರ ದಾರಿಯಲ್ಲೇ ಹೋದೆ. ಆಲ್ಬಮ್ ಬ್ಲಾಕು, ಅಂದರೆ ತುಂಡು ಜೋಡಿಸಿದ ಚೌಕ, ಅದರ ನಡುವೆ ಹೆಸರಿಗೆ ಬಿಳಿ ಬಟ್ಟೆಯ ಪಟ್ಟಿ. ಒಬ್ಬೊಬ್ಬರೂ ತಮ್ಮ ಸೀರೆಯ ಇಲ್ಲವೇ ಕುಪ್ಪಸದ ತುಂಡು ಕಳಿಸಿದರು: ಇಳಕಲ್, ಉಡುಪಿ ಕಾಟನ್, ಗುಳೇದಗುಡ್ಡದ ಖಣ, ಇಬ್ಬರು ಮೈಸೂರು ಸಿಲ್ಕ್. ಸಿಲ್ಕ್ ಅಡ್ಡ ಕತ್ತರಿಸಿದ ಕಡೆಯೆಲ್ಲ ಜಾರಿತು. ಖಣದ ಅಂಚು ಎಳೆಎಳೆಯಾಗಿ ಬಿಚ್ಚಿತು. ಹೇಗೋ ಮೇಲ್ಪದರ ಮುಗಿಸಿ, ದೊಡ್ಡ ಮಷೀನಿಟ್ಟುಕೊಂಡ ಒಬ್ಬರಿಗೆ ಕ್ವಿಲ್ಟಿಂಗಿಗೆ, ಅಂದರೆ ಪದರಗಳನ್ನು ಸೇರಿಸಿ ಹೊಲಿಯಲು ಕೊಟ್ಟೆ. ತೆಳು ಸೀರೆ ಬಟ್ಟೆ ಸೂಜಿಯ ಮುಂದೆ ಅಲೆಯಲೆಯಾಗಿ ತಳ್ಳಿಕೊಂಡು ಹೋಗಿ ಎಲ್ಲೆಂದರಲ್ಲಿ ನೆರಿಗೆ. ಪದರಗಳ ನಡುವಿನ ಹತ್ತಿ ಹಾಸು, ಕೂಲಿ ಎಲ್ಲ ಸೇರಿ 200 ಡಾಲರ್ ಹತ್ತಿರ ಹೋಯಿತು. ಅದನ್ನೀಗ ನಮ್ಮ ನಾಯಿ ಹಾಸಿಕೊಳ್ಳುತ್ತದೆ.

ಆಮೇಲೆ ನೆನಪಾದದ್ದು ಅವ್ವ. ಧಾರವಾಡದಲ್ಲಿ ಅವ್ವ ಕೌದಿ ಹೊಲಿಯುವಾಗ ಮೇಲ್ಪದರ ಅಂತ ಬೇರೆ ಮಾಡುತ್ತಿರಲಿಲ್ಲ. ಹಳೆಯ ಸೀರೆ ಮಡಿಸಿ ನೆಲಕ್ಕೆ ಹಾಸಿ, ಮೂಲೆಯಿಂದ ಒಂದೊಂದೇ ತುಂಡು ಇಟ್ಟು, ಅಂಚು ಒಳಕ್ಕೆ ಮಡಚಿ, ಎಲ್ಲ ಪದರ ಹಿಡಿದು ಸಾಲು ಸಾಲಾಗಿ ಹೊಲಿದುಕೊಂಡು ಬರುತ್ತಿದ್ದಳು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರದೂ ಇದೇ ಕ್ರಮ. ಸುತ್ತು ಹಾಕುತ್ತಾ ನಡುವಿಗೆ ಮುಟ್ಟಿದಾಗ ಕೌದಿ ಮುಗಿಯುತ್ತದೆ. ಇಲ್ಲಿಯವರು ಮೊದಲೇ ಜೋಡಿಸಿದ ಮೇಲ್ಪದರವನ್ನು ಹೊಲಿಯುವುದರಿಂದ ನಡುವಿನಿಂದ ಹೊರಕ್ಕೆ ಹೋಗದಿದ್ದರೆ ಸಡಿಲೆಲ್ಲ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಹಿರಿಯಾಕೆಯ ಮಾತು ಅವರ ಕೆಲಸಕ್ಕೆ ಸರಿಯೇ. ಕೌದಿಯಲ್ಲಿ ಹಿಂದಿನ ತುಂಡಿನ ಸಡಿಲನ್ನು ಮುಂದಿನ ತುಂಡು ನುಂಗುತ್ತಾ ಹೋಗುತ್ತದೆ. ಕೊನೆಯ ನಾಲ್ಕು ತುಂಡಿಗೆ ಮಾತ್ರ ಅವ್ವನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮುಂದೆ ಕೂತು ಹೊಲಿದವರಿಗೆ ತೋರಿಸುತ್ತೇನೆ.

ಅಳತೆ ಹೇಳುತ್ತೇನೆ. ಮಡಚಿದ ಮೇಲೆ ಒಂಬತ್ತೂವರೆ ಇಂಚಿನ ಚೌಕ, ಆರು ಸಾಲು ಆರು, ಒಟ್ಟು 57 ಇಂಚು ಚಿಲ್ಲರೆ. ತಳಕ್ಕೆ ಹಳೆಯ ಎರಡು ಕಾಟನ್ ಸೀರೆ. ಹತ್ತಿ ಹಾಸು ಇಲ್ಲವೇ ಇಲ್ಲ. ಸಿಲ್ಕನ್ನು ಈ ಸಲ ತೆಳು ಕಾಟನ್ನಿಗೆ ಟಾಕು ಹಾಕಿ ಬಳಸಿದೆ. 8 ನಂಬರಿನ ಪರ್ಲ್ ಕಾಟನ್ (ಹುರಿ ಹಾಕಿದ ಕಸೂತಿ ದಾರ) ಮೂರು ನಾಲ್ಕು ಉಂಡೆ ಹಿಡಿಯಿತು. ದಿನಕ್ಕೆ ಒಂದೂವರೆ ಗಂಟೆಯಂತೆ ನಾಲ್ಕು ತಿಂಗಳು.

ತೊಡಕಾದದ್ದು ಹೆಸರು ಬರೆದ ಬಟ್ಟೆಯ ಪಟ್ಟಿ. ಕೌದಿಯ ಸಾಲು ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ, ಹೆಸರಿನ ಮೇಲೇ ಹಾಯ್ದು ಹೋಗುತ್ತದೆ. ಮೊದಲ ಎರಡು ಹೆಸರು ಹಾಗೇ ಕೆಟ್ಟವು. ಆಮೇಲೆ ಪಟ್ಟಿಯ ಮೇಲಂಚನ್ನಷ್ಟೇ ಚೌಕಕ್ಕೆ ಹೊಲಿದು ಉಳಿದದ್ದನ್ನು ಸಡಿಲ ಬಿಟ್ಟೆ. ಸಾಲು ಬಂದಾಗ ಪಟ್ಟಿಯನ್ನು ಪರದೆಯಂತೆ ಎತ್ತಿ ಅದರಡಿ ಹೊಲಿಯುವುದು, ದಾಟಿದ ಮೇಲೆ ಇಳಿಸಿ ಮೂರು ಬದಿ ಕೈಹೊಲಿಗೆ. ಇಷ್ಟು ಸರಳ ಸಂಗತಿ ಹೊಳೆಯಲು ಎರಡು ವಾರ ಹಿಡಿಯಿತು.

ಶಾಯಿಯದು ಇನ್ನೊಂದು ಪುರಾಣ. ಕಚೇರಿಯ ಮಾರ್ಕರಿನಲ್ಲಿ ಬರೆದದ್ದಕ್ಕೆ ಒಗೆದ ಮೇಲೆ ಸುತ್ತ ಹಳದಿ ಉಂಗುರ ಬಂತು. ಪಿಗ್ಮಾ ಎಂಬ, ಮಾಸದ ಶಾಯಿಯ ಪೆನ್ ತಂದೆ, ಅದೂ ಅರ್ಧ ಹೋಯಿತು. ತಪ್ಪು ಪೆನ್ನಿನದಲ್ಲ, ಬಟ್ಟೆಯ ಗಂಜಿಯದು. ಶಾಯಿ ಗಂಜಿಯ ಮೇಲೆ ಕೂತು ಗಂಜಿಯ ಜೊತೆಗೇ ಹೊರಟುಹೋಗಿತ್ತು. ಬಿಸಿನೀರಲ್ಲಿ ಎರಡು ಸಲ ಒಗೆದು, ಹಿಂದೆ ಫ್ರೀಜರ್ ಪೇಪರ್ (ಒಂದು ಬದಿ ಲೇಪವಿರುವ ಕಾಗದ) ಇಸ್ತ್ರಿ ಮಾಡಿ ಅಂಟಿಸಿ, ಕೈ ಹಗುರ ಬಿಟ್ಟು ಬರೆದು, ಒಂದು ರಾತ್ರಿ ಬಿಟ್ಟು ಒಣ ಇಸ್ತ್ರಿ ಹಾಕಿದ ಮೇಲೆ ನಿಂತಿತು. ಇಂಗ್ಲಿಷಿಗೆ 01 ನಂಬರಿನ ಮೊನೆ ಸಾಕು. ಕನ್ನಡದ ಉರುಟಿಗೆ ಅದು ನೇಯ್ಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, 05 ಬೇಕು. ಆದರೆ ಅಕ್ಷರ ಅರ್ಧ ಇಂಚಿಗಿಂತ ಸಣ್ಣದಾದರೆ ಒತ್ತಕ್ಷರವೆಲ್ಲ ಕಪ್ಪು ಚುಕ್ಕಿ. ನಮ್ಮಲ್ಲಿ ಮೂವರು ಲಕ್ಷ್ಮಿಯರು. ಮೂವರೂ ಕಾಡಿದರು.

ಇಲ್ಲಿ ಹಿಂದೆ ಹೆಸರಿನ ಕ್ವಿಲ್ಟ್ ಹೊಲಿದ ಹೆಂಗಸರಿಗೂ ಶಾಯಿಯದೇ ತಲೆನೋವು. ಕಬ್ಬಿಣದ ಅಂಶವಿದ್ದ ಶಾಯಿ ಬಟ್ಟೆಯನ್ನೇ ತಿನ್ನುತ್ತಿತ್ತು. ಹಳೆಯ ಕ್ವಿಲ್ಟುಗಳಲ್ಲಿ ಹೆಸರಿದ್ದ ಜಾಗದಲ್ಲಿ ತೂತು ಕಾಣುವುದು ಅದಕ್ಕೇ. 1830ರ ದಶಕದಲ್ಲಿ ಬಟ್ಟೆ ಕೆಡಿಸದ, ಅಳಿಯದ ಶಾಯಿ ಅಂಗಡಿಗೆ ಬಂದದ್ದೂ ಈ ಹುಚ್ಚು ಹಬ್ಬಲು ಒಂದು ಕಾರಣ. ಇನ್ನೊಂದು ಮಾತು, ಎಲ್ಲರೂ ತಮ್ಮ ಕೈಯಿಂದಲೇ ಸಹಿ ಮಾಡುತ್ತಿದ್ದರು ಅಂತಿಲ್ಲ. ಬರಹ ಚೆಂದ ಇದ್ದವಳೊಬ್ಬಳು ಎಲ್ಲರ ಹೆಸರನ್ನೂ ಬರೆದದ್ದು ಬೇಕಾದಷ್ಟಿದೆ. ನಾನೂ ಕಾಗದದ ಮೇಲೆ ಸಹಿ ತರಿಸಿ, ಗಾಜಿನಡಿ ದೀಪ ಇಟ್ಟು ತಿದ್ದಿದೆ. "ಅದು ನನ್ನ ಸಹಿಯೇ ಅಲ್ಲ" ಅಂತ ಜಗಳ ತೆಗೆದವರಿಗೆ ಈ ಇತಿಹಾಸ ಹೇಳಿ ಬಾಯಿ ಮುಚ್ಚಿಸಿದೆ.

ನಡುವೆ ಕಸೂತಿಯ ಚಪಲವೂ ಹುಟ್ಟಿತ್ತು. ಗಾವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತದಲ್ಲ, ಹೆಸರಿಗೆ ಹೇಳಿಮಾಡಿಸಿದ್ದು ಅಂದುಕೊಂಡೆ. ಎಳೆ ಎಣಿಸಿ ಹಾಕುವ ಹೊಲಿಗೆಗೆ ನೇರ ಗೆರೆಯೇ ಗತಿ. ಕನ್ನಡದ 'ರ' ಮೆಟ್ಟಿಲಾಯಿತು, 'ಠ' ಪೆಟ್ಟಿಗೆಯಾಯಿತು. ಒಂದು ಹೆಸರಿಗೆ ಐದಾರು ಗಂಟೆ. ಎರಡು ಮಾಡಿ ಕೈಬಿಟ್ಟೆ. ಅದರ ಕೆಂಪು ದಾರವೂ ಬಣ್ಣ ಬಿಟ್ಟು ಪಕ್ಕದ ಪಟ್ಟಿಯನ್ನು ಗುಲಾಬಿ ಮಾಡಿತು. ಇಲ್ಲಿಯ ಹಳಬರು ಕೆಂಪಿಗೆ ಟರ್ಕಿ ರೆಡ್ಡನ್ನೇ ಹುಡುಕುತ್ತಿದ್ದದ್ದು ಸುಮ್ಮನೆ ಅಲ್ಲ, ಅದು ಒಗೆದರೆ ಬಿಡದ ಬಣ್ಣ.

ಎರಡನೆಯ ಕೌದಿಗೆ ಖರ್ಚು 40 ಡಾಲರ್ ಮುಟ್ಟಿರಲಿಕ್ಕಿಲ್ಲ: ಪೆನ್, ದಾರ, ಪಟ್ಟಿಯ ಬಟ್ಟೆ, ಅಷ್ಟೇ. ಆಮೇಲೆ ಅದೇ ಧೈರ್ಯದಲ್ಲಿ ಮಕ್ಕಳ ಕನ್ನಡ ತರಗತಿಗೆ ಇನ್ನೊಂದು ಮಾಡಿದೆ, ಹೆಸರಿಗೆ 5 ಡಾಲರ್. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ರೆಡ್ ಕ್ರಾಸಿಗೆ ಹೀಗೇ ಹೆಸರಿಗಿಷ್ಟು ಸೆಂಟ್ ಅಂತ ಹಣ ಎತ್ತುತ್ತಿದ್ದರು. ನನಗೆ 300ರ ಆಸುಪಾಸು ಬಂತು. ನಾಯಿಯ ಹಾಸಿಗೆಯ ನಷ್ಟ ಲೆಕ್ಕದಲ್ಲಾದರೂ ತುಂಬಿತು ಅಂತ ಗಂಡನಿಗೆ ಹೇಳಿದೆ.

ಇನ್ನು ನಡುವೆ ಯಾರ ಹೆಸರು ಬರಬೇಕು ಅಂತ ಗೆಳತಿಯರಲ್ಲಿ ಒಳಗೊಳಗೇ ಪೈಪೋಟಿ ಇತ್ತು. ಸುತ್ತಿ ಬರುವ ಕೆಲಸದಲ್ಲಿ ಕೊನೆಯ ತುಂಡು ತಾನಾಗಿ ನಡುವೆ ಬೀಳುತ್ತದೆ. ನಾಲ್ಕು ಸಲ ಫೋನ್ ಮಾಡಿದ ಮೇಲೆ, ಎಲ್ಲರಿಗಿಂತ ತಡವಾಗಿ ಸೀರೆ ಕಳಿಸಿದವಳ ಹೆಸರು ಅಲ್ಲಿ ಕೂತಿತು. ಈಗ ಮೈಸೂರಿನಿಂದ ಫೋಟೋ ಬಂದಾಗಲೆಲ್ಲ ಅವಳದೇ ಜಂಬ.