ಮಂಡಿಯ ರೈಟರ್‌ಗೆ ರೂಟ್ ಪಾಸ್‌ವರ್ಡ್ ಯಾಕೆ? ನನ್ನ ಅನುಭವ

ಕೋಲಾರದ ಟೊಮೆಟೊ ಮಂಡಿಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳಲು ಶುರು ಮಾಡಿ ಎಂಟು ವರ್ಷ ಆಗಿರಬೇಕು. ನನಗಿಂತ ಮುಂಚೆ ಇದ್ದವರು ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸರ್ವರ್ ಹಾಕಿ, ಪಟ್ಟಿ ಬರೆಯುವ ರೈಟರ್‌ಗಳದ್ದೂ ಸೇರಿ ಎಲ್ಲ ಕಂಪ್ಯೂಟರಿಗೂ ಒಂದೇ ರೂಟ್ ಪಾಸ್‌ವರ್ಡ್ (ಏನು ಬೇಕಾದರೂ ಮಾಡಬಹುದಾದ ಅಕೌಂಟಿನದು) ಕೊಟ್ಟು ಹೋಗಿದ್ದರು. ಯಾರು ಏನು ಮಾಡಬಹುದು ಅನ್ನುವುದೆಲ್ಲ ಸಾಫ್ಟ್‌ವೇರಿನ ಮೆನುವಿನಲ್ಲಿ ಮಾತ್ರ. ನಾನೂ ಹಾಗೇ ಬಿಟ್ಟಿದ್ದೆ.

2023ರ ಜುಲೈ ನೆನಪಿದೆ ಅಲ್ವಾ? 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಆಗಲೇ ಒಂದು ಮಂಡಿಯಲ್ಲಿ ಹುಡುಗನೊಬ್ಬ ಒಂದು ಲಾಟಿನ (ಒಟ್ಟಿಗೆ ಹರಾಜಾಗುವ ಮಾಲಿನ) ದರ ತಿದ್ದಲು ನೇರ ಸರ್ವರಿಗೆ ಹೋಗಿ ಅಪ್‌ಡೇಟ್ ಅನ್ನುವ ತಿದ್ದುವ ಆದೇಶ ಕೊಟ್ಟ. ಯಾವ ಲಾಟು ಅಂತ ಹೇಳುವ ವೇರ್ ಹಾಕಲಿಲ್ಲ. ಟೇಬಲ್ಲಿನಲ್ಲಿದ್ದ ಲಾಟುಗಳಿಗೆಲ್ಲ ಒಂದೇ ದರ! ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಆದರೆ ಆಮೇಲಿನ ಬದಲಾವಣೆಗಳನ್ನು ಬರೆದಿಡುವ ಬೈನರಿ ಲಾಗ್ ಆಫ್ ಇತ್ತು. ಆವತ್ತಿನ ಮುನ್ನೂರು ಚಿಲ್ಲರೆ ಲಾಟುಗಳನ್ನು ಹರಾಜಿನ ಚೀಟಿ ನೋಡಿಕೊಂಡು ಮತ್ತೆ ಹೊಡೆದೆವು. ಅಷ್ಟರಲ್ಲಿ ನಾಲ್ಕೈದು ರೈತರ ಪಟ್ಟಿ (ಬಿಲ್) ತಪ್ಪು ದರದಲ್ಲಿ ಹೋಗಿ ಹಣವೂ ಕೈದಾಟಿತ್ತು. ಹತ್ತಿರ ಹತ್ತಿರ ನಲವತ್ತು ಸಾವಿರ ನಷ್ಟ. ನನ್ನ ವರ್ಷದ ಸರ್ವಿಸ್ ದುಡ್ಡಿನಲ್ಲಿ ಅರ್ಧ ಹಿಡಿದುಕೊಂಡರು.

ಆಮೇಲೆ ಹಠ ಹಿಡಿದೆ. ಅಧಿಕಾರ ಸರ್ವರಿನಲ್ಲೇ ಇರಬೇಕು, ಮೆನುವಿನಲ್ಲಲ್ಲ. ಮೈಎಸ್‌ಕ್ಯೂಎಲ್ ಅನ್ನು 5.7ರಿಂದ 8.0ಗೆ ಏರಿಸಿದೆ, ರೋಲ್ (ಹಲವು ಅಧಿಕಾರಗಳ ಒಂದು ಕಟ್ಟು) ಬಂದಿದ್ದೇ ಅದರಲ್ಲಿ. ಜೊತೆಯವರು "ಮಂಡಿಗೆ ಇದೆಲ್ಲ ಯಾಕಪ್ಪಾ, ಬೆಂಗಳೂರಿನ ಕಂಪನಿಗಳಿಗೆ ಸರಿ" ಅಂದರು. ಮಂಡಿ ಸಾಹುಕಾರರು ಒಂದೇ ಮಾತು ಹೇಳಿದರು: "ಹರಾಜಿನ ಹೊತ್ತಲ್ಲಿ ನಿಂತರೆ ನಿನ್ನನ್ನೇ ಕೇಳೋದು."

ನಿಂತಿತು. ಎರಡು ಸಲ.

ಮೊದಲನೇ ಸಲ ರೋಲ್ ಕೊಟ್ಟಿದ್ದೆ, ಲಾಗಿನ್ ಆದಾಗ ತಾನಾಗಿ ಚಾಲೂ ಆಗುವ ಡೀಫಾಲ್ಟ್ ರೋಲ್ ಹಾಕಿರಲಿಲ್ಲ. ರೂಟ್‌ನಲ್ಲೇ ಟೆಸ್ಟ್ ಮಾಡಿ ನಿಶ್ಚಿಂತೆಯಿಂದ ಮಲಗಿದ್ದೆ. ಬೆಳಿಗ್ಗೆ ರೈಟರ್ ಫೋನ್: "ಅಣ್ಣಾ, ಏನು ಒತ್ತಿದರೂ ಡಿನೈಡ್ ಅಂತಿದೆ." ಲಾಗಿನ್ ಆದ ತಕ್ಷಣ ಎಲ್ಲ ರೋಲ್ ಚಾಲೂ ಆಗುವ ಸೆಟ್ಟಿಂಗ್ ಆನ್ ಮಾಡಿದೆ, ಹತ್ತು ನಿಮಿಷದಲ್ಲಿ ಸರಿಹೋಯಿತು.

ಎರಡನೆಯದು ದೊಡ್ಡದು. ಕೆಲಸ ಬಿಟ್ಟಿದ್ದ ಪ್ರೋಗ್ರಾಮರ್‌ನ ಅಕೌಂಟ್ ಸುಮ್ನೆ ಯಾಕಿರಬೇಕು ಅಂತ ಡ್ರಾಪ್ ಮಾಡಿದೆ. ಸರ್ವರಿನಲ್ಲೇ ಬರೆದಿಟ್ಟ ಸಣ್ಣ ಪ್ರೋಗ್ರಾಮುಗಳಾದ ಪ್ರೊಸೀಜರ್‌ಗಳೆಲ್ಲ ಅವನ ಹೆಸರಿನಲ್ಲಿ ಇದ್ದವು. ಡಿಫೈನರ್ (ಪ್ರೊಸೀಜರ್ ಯಾರ ಹೆಸರಿನಲ್ಲಿದೆಯೋ ಆ ಅಕೌಂಟ್) ಇಲ್ಲ ಅಂತ ಒಂದೂ ಓಡಲಿಲ್ಲ. ಆವತ್ತು ಎರಡು ಗಂಟೆ ಕೈಯಲ್ಲಿ ಪಟ್ಟಿ ಬರೆದರು. ಸಾಹುಕಾರರ ಮುಖ ನೋಡಲಾಗಲಿಲ್ಲ.

ದಾರಿ ಸಿಕ್ಕಿದ್ದೂ ಅಲ್ಲೇ. ಮನುಷ್ಯರ ಹೆಸರಿಲ್ಲದ ಒಂದು ಅಕೌಂಟ್ ಮಾಡಿ, ಪ್ರೊಸೀಜರ್‌ಗಳನ್ನೆಲ್ಲ ಅದರ ಹೆಸರಿಗೆ ಬದಲಿಸಿ, ಅಕೌಂಟನ್ನು ಲಾಕ್ ಮಾಡಿದೆ. ಲಾಕ್ ಆದರೆ ಯಾರೂ ಲಾಗಿನ್ ಆಗಲು ಆಗುವುದಿಲ್ಲ, ಆದರೆ ಅದರ ಹೆಸರಿನ ಪ್ರೊಸೀಜರ್ ಓಡುತ್ತದೆ. ಇದನ್ನು ನಂಬದವರು ಜಾಸ್ತಿ. ಮಾಡಿ ನೋಡಿ. ರೈಟರ್‌ಗಳಿಗೆ ಓದಲು ಸೆಲೆಕ್ಟ್, ಬರೆಯಲು ಬರೀ ಎಕ್ಸಿಕ್ಯೂಟ್, ಅಂದರೆ ಪ್ರೊಸೀಜರ್ ಓಡಿಸುವ ಅಧಿಕಾರ. ಟೇಬಲ್ ಮೇಲೆ ನೇರ ಅಪ್‌ಡೇಟ್, ಡಿಲೀಟ್ ಅವರಲ್ಲಿ ಯಾರಿಗೂ ಇಲ್ಲ.

ದರ ತಿದ್ದಿದರೆ ಹಳೇ ದರ, ತಿದ್ದಿದವರ ಹೆಸರು ಬೇರೆ ಟೇಬಲ್ಲಿಗೆ ಬೀಳಬೇಕು. ಒಂದು ವಾರ ಬಿಟ್ಟು ನೋಡಿದರೆ ಎಲ್ಲ ಸಾಲಿನಲ್ಲೂ ಆ ಲಾಕ್ ಆದ ಅಕೌಂಟಿನ ಹೆಸರೇ! ಪ್ರೊಸೀಜರ್ ಒಳಗೆ ಕರೆಂಟ್ ಯೂಸರ್ ಕೇಳಿದರೆ ಡಿಫೈನರ್ ಹೆಸರು ಬರುತ್ತದೆ. ಅದರ ಬದಲು ಯೂಸರ್ ಅನ್ನುವ ಫಂಕ್ಷನ್ ಹಾಕಿದ ಮೇಲೆ ನಿಜವಾದ ಹೆಸರು ಬಂತು. ತಿದ್ದಲು ಎಷ್ಟು ಹೊತ್ತು ಬಿಡಬೇಕು, ಆಮೇಲೆ ಯಾರ ಒಪ್ಪಿಗೆ ಬೇಕು ಅನ್ನುವ ಲೆಕ್ಕ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನಡುವೆ ಇನ್ನೊಂದು ಪ್ರಯತ್ನ ಮಾಡಿದ್ದೆ. ರಾತ್ರಿ ಹತ್ತಕ್ಕೆ ಎಲ್ಲ ಅಕೌಂಟ್ ತಾನಾಗಿ ಲಾಕ್ ಆಗಲಿ ಅಂತ. ಮೊದಲೇ ಒಳಗಿದ್ದವರನ್ನು ಲಾಕ್ ಹೊರಗೆ ಹಾಕುವುದಿಲ್ಲ, ಹೊಸದಾಗಿ ಬರುವವರಿಗೆ ಮಾತ್ರ ತಡೆ. ಮೇಲಾಗಿ ಸೀಸನ್‌ನಲ್ಲಿ ಲಾರಿ ಲೋಡಿಂಗ್ ಹನ್ನೆರಡಾದರೂ ಮುಗಿಯುವುದಿಲ್ಲ. ಬಿಟ್ಟುಬಿಟ್ಟೆ.

ಕಳೆದ ಸೀಸನ್‌ನಲ್ಲಿ ಅದೇ ಮಂಡಿಯಲ್ಲಿ ಇನ್ನೊಬ್ಬ ನೇರ ಅಪ್‌ಡೇಟ್ ಹೊಡೆದ. ಸರ್ವರ್ ಒಪ್ಪಲಿಲ್ಲ. ಸಾಹುಕಾರರನ್ನು ಕರೆದು ಸ್ಕ್ರೀನ್ ತೋರಿಸಿದೆ. ಹಿಡಿದಿದ್ದ ದುಡ್ಡು ವಾಪಸ್ ಬಂತು, ಸರ್ವಿಸ್ ರೇಟನ್ನೂ ಎರಡು ಸಾವಿರ ಏರಿಸಿದರು. ಈಗ ಏಳು ಮಂಡಿಯಲ್ಲಿ ಇದೇ ಪದ್ಧತಿ ನಡೆಯುತ್ತಿದೆ. ಚಿಂತಾಮಣಿಯಿಂದಲೂ ಇಬ್ಬರು ಕೇಳಿದ್ದಾರೆ. ಅಲ್ಲಿ ಇನ್ನೂ 5.7 ಇದೆ, ಮೊದಲು ಅದನ್ನು ಏರಿಸಬೇಕು.